ಆ ಕಾಲದ ರಿಂಗು, ಈ ಕಾಲದ ರಿಂಗು

ತುಡಿಯಲೂರಿನ ನಮ್ಮ ಬೀದಿಯಲ್ಲಿ ನೂಲಿನ ವಿಷಯ ಬಂದರೆ ರಾಜೇಂದ್ರನ್ ಹೇಳಿದ್ದೇ ಕೊನೆಯ ಮಾತು. ಇಪ್ಪತ್ತೈದು ವರ್ಷದಿಂದ ನೂಲಿನ ಅಂಗಡಿ ಇಟ್ಟವನು. ಒಂದು ಎಳೆಯನ್ನು ಬೆರಳಲ್ಲಿ ತಿರುವಿದರೆ ಸಾಕು, ಅದರ ಜಾತಕ ಹೇಳಿಬಿಡುತ್ತಾನೆ. ದೇವರು ಒಬ್ಬ ಮನುಷ್ಯನಿಗೆ ಇಷ್ಟು ಕೊಟ್ಟರೆ ಸಾಲದೇ? ರಾಜೇಂದ್ರನ್‌ಗೆ ಸಾಲದು. ಗೊತ್ತಿಲ್ಲದ ವಿಷಯ ಬಂದಾಗ ಬಾಯಿ ಮುಚ್ಚಿಕೊಂಡಿರುವುದು ಗಂಡಸಿಗೆ ಅವಮಾನ ಎಂದು ಯಾರೋ ಅವನಿಗೆ ಚಿಕ್ಕಂದಿನಲ್ಲೇ ಹೇಳಿಕೊಟ್ಟಿದ್ದಾರೆ. ಒಮ್ಮೆ ಮೆಟ್ಟುಪಾಳ್ಯಂ ಮಂಡಿಯಲ್ಲಿ ಅಡಿಕೆ ವ್ಯಾಪಾರಿಗೇ ಒಳ್ಳೆಯ ಅಡಿಕೆಯನ್ನು ಹೇಗೆ ಕಚ್ಚಿ ನೋಡಬೇಕೆಂದು ತೋರಿಸಲು ಹೋಗಿ ಒಂದು ಹಲ್ಲು ಕಳೆದುಕೊಂಡು ಬಂದ. ಹಲ್ಲು ಹೋಯಿತೇ ಹೊರತು ಅಭ್ಯಾಸ ಹೋಗಲಿಲ್ಲ.

ಅವನ ಮಗಳು ಸರಣ್ಯಾಗೆ ಪೋತ್ತನೂರಿನ ನವನೀತನ್ ಜೊತೆ ಮದುವೆ ನಿಶ್ಚಯವಾಯಿತು. ಹುಡುಗ ರೈಲ್ವೆ ವರ್ಕ್‌ಶಾಪಿನಲ್ಲಿ ಕೆಲಸದಲ್ಲಿದ್ದಾನೆ, ರೈಲ್ವೆ ತಂಡಕ್ಕೆ ಬಾಸ್ಕೆಟ್‌ಬಾಲ್ ಆಡುತ್ತಾನೆ. ನಮ್ಮ ಮನೆಗಳ ಬಾಗಿಲಿಗೆಲ್ಲ ತಲೆ ಬಾಗಿಸಿಯೇ ಒಳಗೆ ಬರಬೇಕಾದಷ್ಟು ಎತ್ತರ. ಹೀಗಾಗಿ ಬೀದಿಯ ಮುದುಕರೆಲ್ಲ ಹುಡುಗನಿಗೆ ವಿನಯ ಜಾಸ್ತಿ ಎಂದು ಮೆಚ್ಚಿಕೊಂಡರು.

ಬಾಸ್ಕೆಟ್‌ಬಾಲ್ ಎಂದರೆ ಈ ಮನೆತನದಲ್ಲಿ ಇನ್ನೊಬ್ಬರಿದ್ದಾರೆ. ರಾಜೇಂದ್ರನ್ ಹೆಂಡತಿ ಸುಗನ್ಯಾಳ ಅಣ್ಣ ಕಂದಸಾಮಿಯವರು. ಈಗ ಅವರಿಗೆ ಅರವತ್ತೇಳು. ಹಿಂದೆ ಒಂದು ಮಿಲ್ಲಿನ ತಂಡಕ್ಕೆ ಆಡುತ್ತಿದ್ದರು. ಮಿಲ್ಲು ಮುಚ್ಚಿ ಆ ಜಾಗದಲ್ಲಿ ಅಪಾರ್ಟ್‌ಮೆಂಟ್ ಎದ್ದಿದೆ, ಕೋರ್ಟ್ ಇದ್ದಲ್ಲಿ ಕಾರುಗಳು ನಿಲ್ಲುತ್ತವೆ. ಅವರ ಮನೆಯ ಗೋಡೆಯಲ್ಲಿ ದೇವರ ಪಟಗಳ ಸಾಲಿನಲ್ಲೇ ಆ ತಂಡದ ಫೋಟೋ ಇದೆ. ದಿನಾ ಬೆಳಿಗ್ಗೆ ಹೂವು ಅದಕ್ಕೂ ಬೀಳುತ್ತದೆ. ತಂದೆ ಹೋದ ಮೇಲೆ ಸುಗನ್ಯಾಳನ್ನು ಸಾಕಿ ಮದುವೆ ಮಾಡಿದವರು ಅವರೇ. ಸರಣ್ಯಾಳಿಗೆ ಹೆಸರಿಟ್ಟವರು, ಕಿವಿ ಚುಚ್ಚಿಸಿದವರು, ಸ್ಕೂಟಿ ಕಲಿಸಲು ಹಿಂದೆ ಓಡಿ ಮೊಣಕಾಲು ಕೆಡಿಸಿಕೊಂಡವರೂ ಅವರೇ.

ನಿಶ್ಚಯದ ದಿನ ಊಟದ ಪಂಕ್ತಿಯಲ್ಲಿ ಯಾರೋ ಸುಮ್ಮನಿರಲಾರದೆ, ಮಾವನ ಆಟ ದೊಡ್ಡದೋ ಮಾಪಿಳ್ಳೆಯ ಆಟ ದೊಡ್ಡದೋ ಎಂದು ಕೇಳಿದರು. ನಮ್ಮಲ್ಲಿ ಅಳಿಯನೂ ಮಾಪಿಳ್ಳೆಯೇ, ತಂಗಿಯ ಗಂಡನೂ ಮಾಪಿಳ್ಳೆಯೇ. ಹುಡುಗ ನಾಚಿಕೊಂಡು, "ಮಾವನ ಮುಂದೆ ನಾನೆಲ್ಲಿ?" ಎಂದ. ಕಂದಸಾಮಿಯವರು ಅನ್ನಕ್ಕೆ ರಸಂ ಕಲಸುತ್ತ, "ಆ ಕಾಲ ಬೇರೆ, ಈ ಕಾಲ ಬೇರೆ. ಹುಡುಗ ಚೆನ್ನಾಗಿ ಆಡ್ತಾನೆ" ಎಂದರು. ವಿಷಯ ಅಲ್ಲಿಗೆ ಮುಗಿಯಿತು. ಲೋಕದ ದೊಡ್ಡ ದೊಡ್ಡ ಜಗಳಗಳೆಲ್ಲ ಹೀಗೆ ಮುಗಿದ ಮೇಲೆ ಪಕ್ಕದ ಎಲೆಯವನು ಬಾಯಿ ಹಾಕುವುದರಿಂದ ಶುರುವಾಗುತ್ತವೆ. ಪಕ್ಕದ ಎಲೆಯಲ್ಲಿ ರಾಜೇಂದ್ರನ್ ಇದ್ದ.

"ಅದರಲ್ಲಿ ರೊಂಬ ಯೋಚನೆ ಮಾಡೋಕೆ ಏನೈತೆ?" ಎಂದು ಅವನು ಹಪ್ಪಳ ಮುರಿದ. "ಆ ಕಾಲದಲ್ಲಿ ರಿಂಗು ಕೆಳಗೆ ಇತ್ತು ತಾನೇ? ಕೈ ಎತ್ತಿದ್ರೆ ಬಾಲು ಒಳಗೆ. ಈಗ ಮೇಲೆ ಏರಿಸ್ಬಿಟ್ಟವ್ರೆ. ನಮ್ಮ ಮಾಪಿಳ್ಳೆ ಹಾಕೋದು ಮೇಲಿನ ರಿಂಗಿಗೆ."

ಇದನ್ನು ಅವನು ಯಾರಿಂದಲೂ ಕೇಳಿರಲಿಲ್ಲ. ಆ ಕಾಲದಲ್ಲಿ ಮನೆಯ ಸೂರು ಕೆಳಗಿತ್ತು, ಬಸ್ಸಿನ ಚಾವಣಿ ಕೆಳಗಿತ್ತು, ಮಗ್ಗವಂತೂ ನೆಲದ ಗುಂಡಿಯಲ್ಲೇ ಇತ್ತು. ರಿಂಗು ಮಾತ್ರ ಮೇಲೆ ಹೇಗಿರುತ್ತದೆ ಎಂಬುದು ಅವನ ತರ್ಕ. ಪಂಕ್ತಿಯಲ್ಲಿ ಪಾಯಸ ಸುರಿಯುವ ಸದ್ದು ಕೂಡ ನಿಂತಿತು. ಕಂದಸಾಮಿಯವರು ಎಲೆ ಮಡಿಸಿ, ಕೈ ತೊಳೆದು, ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದರು.

ಸಂಜೆ ಸುಗನ್ಯಾ ಗಂಡನನ್ನು ಒಳಕ್ಕೆ ಕರೆದಳು.

"ಅಣ್ಣ ಎಲೆ ಮಡಿಸಿದ್ದು ನೋಡಿದ್ರಾ?"

"ನೋಡ್ದೆ. ಊಟ ಚೆನ್ನಾಗಿತ್ತು ಅಂತ ತಾನೇ?"

"ಆಚೆ ಕಡೆಗೆ ಮಡಿಸಿದ್ದು! ಚೆನ್ನಾಗಿದ್ರೆ ನಮ್ಮ ಕಡೆಗೆ ಮಡಿಸ್ತಾರೆ. ಸಾವಿನ ಮನೆ ಊಟಕ್ಕೆ ತಾನ್ರೀ ಆಚೆ ಕಡೆ ಮಡಿಸೋದು?"

"ಹಂಗಾ? ಯಾರು ಸತ್ರು?"

"ನೀವು" ಎಂದು ಸುಗನ್ಯಾ ಅಡುಗೆಮನೆಗೆ ಹೋದಳು.

ಮರುದಿನ ಕಂದಸಾಮಿಯವರ ತೀರ್ಮಾನ ಫೋನಿನಲ್ಲಿ ಬಂತು. "ಮದುವೆಗೆ ನಾನು ಬರೋಲ್ಲಮ್ಮ ಸುಗನ್ಯಾ. ಕೆಳಗಿನ ರಿಂಗಿನವನು ನಿಮಗೆ ಯಾತಕ್ಕೆ? ಮೇಲಿನ ರಿಂಗಿನವರು ಯಾರಾದ್ರೂ ಇದ್ರೆ ಅವರನ್ನೇ ಮಾವ ಅಂತ ನಿಲ್ಲಿಸ್ಕೊಳ್ಳಿ."

ನಮ್ಮ ಕಡೆ ಇದು ಸಣ್ಣ ಮಾತಲ್ಲ. ಸೋದರಮಾವ ತಟ್ಟೆಗಳಲ್ಲಿ ಸೀರೆ, ಹಣ್ಣು, ಹೂವು ಇಟ್ಟ ಸೀರು ಎಂಬ ಉಡುಗೊರೆ ಹೊರಿಸಿಕೊಂಡು ಬರಬೇಕು. ಅವನೇ ಹುಡುಗಿಗೆ ಮಾಲೆ ಹಾಕಿ ಕೈ ಹಿಡಿದು ಮಣೆಗೆ ಕರೆತರಬೇಕು. ಪುರೋಹಿತರು ತಡವಾದರೆ ಕಾಯಬಹುದು, ಮಾವ ಬರದಿದ್ದರೆ ಮಣೆ ಖಾಲಿ. ಸರಣ್ಯಾ ಅಳಲೂ ಇಲ್ಲ, ಕೂಗಾಡಲೂ ಇಲ್ಲ. "ಮಾವ ಬಂದು ಕೈ ಹಿಡಿದ್ರೆ ನಾನು ಮಣೆ ಮೇಲೆ ಕೂರ್ತೀನಿ. ಇಲ್ಲ ಅಂದ್ರೆ ನೀವೇ ಕೂತ್ಕೋಳಿ ಅಪ್ಪ" ಎಂದಳು. ಮುಹೂರ್ತಕ್ಕೆ ಇನ್ನು ಎರಡು ವಾರವೂ ಇರಲಿಲ್ಲ.

ರಾಜೇಂದ್ರನ್ ಒಂದು ಚಿಪ್ಪು ಪೂವನ್ ಬಾಳೆಹಣ್ಣು ಹಿಡಿದುಕೊಂಡು ಭಾವನ ಮನೆಗೆ ಕ್ಷಮೆ ಕೇಳಲು ಹೋದ. 'ತಪ್ಪಾಯಿತು' ಎಂದು ಒಂದೇ ಮಾತು ಹೇಳಿದ್ದರೆ ಕೆಲಸ ಮುಗಿಯುತ್ತಿತ್ತು. ಆದರೆ ಅವನು ದಾರಿಯಲ್ಲೇ ಒಂದು ಲೆಕ್ಕ ಹಾಕಿಕೊಂಡು ಬಂದಿದ್ದ.

"ಬಾವ, ಆವತ್ತು ನಾನು ಸರಿಯಾಗಿ ಯೋಚನೆ ಮಾಡಿರಲಿಲ್ಲ. ಈಗ ಕೇಳಿ. ನೀವು ಆಡೋ ಕಾಲದಲ್ಲಿ ನೂಲು ಏನು ವಿಲೆ, ಏನು ರೇಟು? ಇವತ್ತು ಏನು ವಿಲೆ? ಇಪ್ಪತ್ತು ಪಟ್ಟು! ಅಂದ್ಮೇಲೆ ನೀವು ಹಾಕಿದ ಪಾಯಿಂಟನ್ನ ಹಳೇ ರೇಟಲ್ಲೇ ಇಟ್ಟು ನೋಡೋದು ಯಾವ ನ್ಯಾಯ?"

ಕಂದಸಾಮಿಯವರು ಬೈಯಲು ಬಾಯಿ ತೆರೆದವರು ಹಾಗೇ ನಿಂತರು. ಬಾಸ್ಕೆಟ್‌ಬಾಲನ್ನು ಈ ದಿಕ್ಕಿನಿಂದ ಅವರು ನೋಡಿರಲಿಲ್ಲ. ಇದು ಮೂರ್ಖತನ ಎಂದು ಅವರಿಗೆ ಗೊತ್ತಿತ್ತು. ಆದರೂ ಮೆಲ್ಲಗೆ, "ಸೇಲಂ ಮ್ಯಾಚಲ್ಲಿ ಒಬ್ಬನೇ ಮೂವತ್ತೊಂದು ಹಾಕಿದ್ದೆ" ಎಂದರು.

"ಆರು ನೂರ ಇಪ್ಪತ್ತು ಬಾವ!"

ಒಳಗಿನಿಂದ ಕಾಫಿ ಬಂತು. ಬೈಗುಳ ಕೇಳಲು ಬಂದವನಿಗೆ ಮುರುಕು ಕೂಡ ಸಿಕ್ಕಿತು. ಇಷ್ಟಕ್ಕೇ ಎದ್ದು ಬಂದಿದ್ದರೆ ಈ ಕಥೆ ಹೇಳುವ ಕಷ್ಟ ನನಗಿರುತ್ತಿರಲಿಲ್ಲ. ಆದರೆ ಗೆಲುವಿನ ಹುಮ್ಮಸ್ಸಿನಲ್ಲಿ ರಾಜೇಂದ್ರನ್ ಅಲ್ಲೇ ಕೂತು, ಫೋನನ್ನು ಬಾಯಿಯ ಹತ್ತಿರ ಹಿಡಿದು, ಬಂಧುಗಳ ವಾಟ್ಸಪ್ ಗ್ರೂಪಿಗೆ ಒಂದು ವಾಯ್ಸ್ ಮೆಸೇಜ್ ಕಳಿಸಿದ. "ಎಲ್ಲಾರೂ ಕೇಳ್ಕೊಳ್ಳಿ. ನಮ್ಮ ನವನೀತನ್ ಮಾಪಿಳ್ಳೆ ಒಳ್ಳೇ ಹುಡುಗನೇ. ಆದ್ರೆ ನಮ್ಮ ಬಾವನ ರೇಟಿಗೆ ನೋಡಿದ್ರೆ ಇಪ್ಪತ್ತರಲ್ಲಿ ಒಂದು ಪಾಲು. ಲೆಕ್ಕ ಬೇಕಾದೋರು ಅಂಗಡಿಗೆ ಬನ್ನಿ."

ಅಂಗಡಿಗೆ ಬಂದವರು ನವನೀತನ್‌ನ ಅಜ್ಜಿ ಪಾಪಾತಿಯಮ್ಮ. ಪೋತ್ತನೂರಿನಿಂದ ತುಡಿಯಲೂರಿಗೆ ಎರಡು ಬಸ್ಸು ಬದಲಿಸಿ, ಬಿಸಿಲಲ್ಲಿ ಕೊಡೆ ಹಿಡಿದು ಬಂದರು. ಬೀದಿಯವರೆಲ್ಲ ಅದೇ ಹೊತ್ತಿಗೆ ಗಿಡಗಳಿಗೆ ನೀರು ಹಾಕಲು ಹೊರಗೆ ಬಂದೆವು. ಗಿಡವೇ ಇಲ್ಲದವರು ರಸ್ತೆಗೆ ಹಾಕಿದರು.

"ಎಲ್ಲಿ ಆ ರೇಟು ಕಟ್ಟೋನು?" ಎಂದು ಅಜ್ಜಿ ಕೊಡೆ ಮಡಿಸಿದರು. "ನನ್ನ ಮೊಮ್ಮಗ ಏನು, ಆಡಿ ತಿಂಗಳ ಡಿಸ್ಕೌಂಟ್ ಸೀರೆಯಾ? ಇಪ್ಪತ್ತರಲ್ಲಿ ಒಂದು ಪಾಲಂತೆ!"

"ಅಮ್ಮ, ಅದು ಇವತ್ತಿನ ಮಾರ್ಕೆಟ್ಟು..."

"ಹಂಗಿದ್ರೆ ಇಪ್ಪತ್ತರಲ್ಲಿ ಒಂದು ಪಾಲಿನ ಹುಡುಗನಿಗೆ ನಿನ್ನ ಮಗಳನ್ನ ಯಾತಕ್ಕೆ ಕೊಡ್ತೀಯಾ? ಇಪ್ಪತ್ತು ಪಾಲು ಪೂರಾ ಇರೋ ಹುಡುಗ ಸಿಗಲಿಲ್ವಾ?" ಪಾಪಾತಿಯಮ್ಮ ನೂಲಿನ ಕಟ್ಟಿನ ಮೇಲೆಯೇ ಕೂತರು. "ನನ್ನ ಮೊಮ್ಮಗನೇ ದೊಡ್ಡ ಆಟಗಾರ ಅಂತ ಎರಡು ಮನೆಯವರ ಮುಂದೆ ಹೇಳು. ಇಲ್ಲ ಅಂದ್ರೆ ತಾಳಿ ಪೋತ್ತನೂರಲ್ಲೇ ಇರ್ತದೆ."

ಹಾಗೆ ಹೇಳಿದರೆ ಭಾವ ಬರುವುದಿಲ್ಲ, ಹೇಳದಿದ್ದರೆ ತಾಳಿ ಬರುವುದಿಲ್ಲ. ಅತ್ತ ದರಿ ಇತ್ತ ಪುಲಿ. ರಾಜೇಂದ್ರನ್ ಬಾಯಿ ತೆರೆದ. ಸುಗನ್ಯಾ ಒಂದು ಲೋಟ ಮಜ್ಜಿಗೆಯನ್ನು ಅವನ ತುಟಿಗೇ ಹಿಡಿದು ಮುಚ್ಚಿದಳು.

ಕೊನೆಗೆ ತಕರಾರು ಕುಲದ ಎಜಮಾನ ಕುಮರೇಶನ್ ಅವರ ಹತ್ತಿರ ಹೋಯಿತು. ಅವರು ಜೀವಮಾನವೆಲ್ಲ ರೇಷ್ಮೆ ಸೀರೆ ನೇಯ್ದವರು, ಬಾಸ್ಕೆಟ್‌ಬಾಲನ್ನು ಯಾವತ್ತೂ ನೋಡಿದವರಲ್ಲ. ಇದರಿಂದ ತೀರ್ಪು ಕೊಡಲು ಅವರಿಗೆ ಯಾವ ಅಡ್ಡಿಯೂ ಆಗಲಿಲ್ಲ.

"ತಾತ ನೇಯ್ದ ಸೀರೆ ಒಂದು, ಮೊಮ್ಮಗ ನೇಯ್ದ ಸೀರೆ ಒಂದು. ಯಾವುದು ಮೇಲು ಅಂತ ತಕರಾರು ಬಂದ್ರೆ ನಾವು ಏನು ಮಾಡ್ತೀವಿ?"

"ಒಂದೇ ಗಳದ ಮೇಲೆ ಹಾಕಿ ಬೆಳಿಗ್ಗೆ ಬಿಸಿಲಲ್ಲಿ ನೋಡ್ತೀವಿ" ಎಂದರು ಎಲ್ಲರೂ.

"ಆಟಗಾರನಿಗೆ ಮಾತ್ರ ಬೇರೆ ನ್ಯಾಯವಾ? ಇಬ್ರನ್ನೂ ಒಂದೇ ಕಡೆ ನಿಲ್ಲಿಸಿ. ಬೆಳಿಗ್ಗೆ."

"ಎಜಮಾನ್ರೇ, ಸೀರೆಗೆ ಮೊಣಕಾಲು ನೋವು ಬರೋಲ್ಲ. ಅಣ್ಣನಿಗೆ ಬರ್ತದೆ" ಎಂದಳು ಸುಗನ್ಯಾ.

"ಸೀರೆ ಹಳೇದಾದ್ರೆ ಮಡಿಕೆಯಲ್ಲಿ ಬಿಡ್ತದಮ್ಮ. ಅದನ್ನ ನೋಡ್ಕೊಂಡೇ ನಾವು ವಿಲೆ ಹೇಳ್ತೀವಿ."

ಕಂದಸಾಮಿಯವರು ಎದ್ದು ನಿಂತರು. ಓಡುವ ಆಟ ಬೇಡ, ಫ್ರೀ ಥ್ರೋ ಸಾಕು ಎಂದರು. ಗೆರೆಯಲ್ಲಿ ನಿಂತು ಎಸೆಯುವುದು, ಯಾರೂ ಅಡ್ಡ ಬರುವುದಿಲ್ಲ, ಎಲ್ಲರಿಗೂ ಒಂದೇ ದೂರ. "ಹತ್ತು ಬಾಲು ಅವನಿಗೆ, ಹತ್ತು ನನಗೆ. ರಿಂಗು ಎಷ್ಟು ಎತ್ತರ ಅಂತ ಟೇಪು ಹಿಡಿದು ಎಲ್ಲಾರ ಮುಂದೆ ಅಳೀಬೇಕು" ಎಂದು ಸೇರಿಸಿದರು. ನನಗೆ ಆಗ ಅವರನ್ನು ನೋಡಿ ನಿಜವಾಗಿ ಬೇಸರವಾಯಿತು.

ಭಾನುವಾರ ಬೆಳಿಗ್ಗೆ ಎಂದು ನಿಶ್ಚಯವಾಯಿತು. ಇನ್ನು ರಾಜೇಂದ್ರನ್ ಮನೆಯಲ್ಲಿ ಕೂತು ಕೈಮುಗಿದುಕೊಂಡಿದ್ದರೆ ಸಾಕಿತ್ತು. ಅವನು ಬಸ್ ಹತ್ತಿ ಪೋತ್ತನೂರಿಗೆ ಹೋಗಿ, ವರ್ಕ್‌ಶಾಪಿನ ಗೇಟಿನ ಎದುರು ನವನೀತನ್‌ನನ್ನು ಹಿಡಿದ.

"ಮಾಪಿಳ್ಳೆ, ನೀವು ಸೋತುಬಿಡಿ. ಬಾವ ವಯಸ್ಸಾದೋರು, ಎಲ್ಲಾರ ಎದುರು ಸೋತ್ರೆ ಮದುವೆಗೆ ಬರೋಲ್ಲ. ಸರಣ್ಯಾ ಮಣೆ ಮೇಲೆ ಕೂರೋಲ್ಲ."

"ನಾನೂ ಅದೇ ನೆನೆಸಿದ್ದೆ ಮಾವ" ಎಂದ ಹುಡುಗ. "ಆದ್ರೆ ಬೇಕಂತ ಬಿಟ್ಟೆ ಅಂತ ಅವರಿಗೆ ಗೊತ್ತಾಗಬಾರ್ದು."

ರಾಜೇಂದ್ರನ್ ಹಿಗ್ಗಿ ವಾಪಸ್ಸು ಬಸ್ ಹತ್ತಿದ. ಉಕ್ಕಡಂ ಬರುವ ಹೊತ್ತಿಗೆ ಪಾಪಾತಿಯಮ್ಮನ ಕೊಡೆ ನೆನಪಾಯಿತು. ಮೊಮ್ಮಗ ಸೋತರೆ ತಾಳಿ ಪೋತ್ತನೂರಲ್ಲೇ ಉಳಿಯುತ್ತದಲ್ಲ! ತುಡಿಯಲೂರಲ್ಲಿ ಇಳಿದವನು ಮನೆಗೆ ಹೋಗದೆ ನೆಟ್ಟಗೆ ಭಾವನ ಮನೆಗೆ ಹೋದ.

"ಬಾವ, ನೀವು ಸೋತುಬಿಡಿ."

ಕಂದಸಾಮಿಯವರು ಹಳೆಯ ಕ್ಯಾನ್ವಾಸ್ ಬೂಟಿಗೆ ಸುಣ್ಣದ ಬಿಳಿ ಬಳಿಯುತ್ತಿದ್ದರು. ಕೈ ನಿಂತಿತು. ಗೆಲ್ಲಬೇಕೆಂಬ ಆಸೆ ಅವರಿಗೆ ಎಷ್ಟಿತ್ತು ಎಂಬುದು ರಾಜೇಂದ್ರನ್‌ನಂಥವನಿಗೂ ಕಾಣಿಸಿತು.

"ಹುಡುಗ ಗೆಲ್ಲಲಿ. ಮದುವೆ ನಿಲ್ಲಬಾರ್ದು" ಎಂದರು ಕೊನೆಗೆ. "ಆದ್ರೆ ಸೋತ ಮೇಲೆ ಸೀರು ಹೊರಿಸ್ಕೊಂಡು ಎಲ್ಲಾರ ಮುಂದೆ ಹೆಂಗೆ ನಡ್ಕೊಂಡು ಬರ್ಲಿ ಮಾಪಿಳ್ಳೆ? ಅದನ್ನ ಕೇಳಬೇಡ. ಹುಡುಗನಿಗೆ ಮಾತ್ರ ಇದು ತಿಳೀಬಾರ್ದು."

ರಾಜೇಂದ್ರನ್ ಯಾರಿಗೂ ತಿಳಿಸಲಿಲ್ಲ. ತನಗೇ ತಾನು ಕೂಡ ತಿಳಿಸಿಕೊಳ್ಳಲಿಲ್ಲ. ಇಬ್ಬರಿಗೂ ಸೋಲಲು ಹೇಳಿದರೆ ಏನಾಗುತ್ತದೆ ಎಂಬ ಲೆಕ್ಕ ಅವನ ತಲೆಗೆ ಹೊಳೆದದ್ದು ಭಾನುವಾರ ಶಾಲೆಯ ಕೋರ್ಟಿನಲ್ಲಿ ಜನ ಸೇರಿದ ಮೇಲೆ.

ಆ ಹೊತ್ತಿಗೆ ಎಜಮಾನರು ಏಣಿ ಹಾಕಿಸಿ ಟೇಪು ಹಿಡಿಸಿದ್ದರು.

"ಹತ್ತು ಅಡಿ" ಎಂದು ಏಣಿಯ ಮೇಲಿದ್ದವನು ಕೂಗಿದ.

"ಕಂದಸಾಮಿ, ಆ ಕಾಲದಲ್ಲಿ?" ಎಂದು ಎಜಮಾನರು ಕೇಳಿದರು.

"ಹತ್ತು ಅಡಿ."

ನೆರೆದವರೆಲ್ಲ ತಿರುಗಿ ರಾಜೇಂದ್ರನ್‌ನನ್ನು ನೋಡಿದರು. ಅವನು ಆಕಾಶ ನೋಡಿದ. ಮೋಡವಿರಲಿಲ್ಲ.

ಮೊದಲು ಕಂದಸಾಮಿಯವರು ಗೆರೆಯಲ್ಲಿ ನಿಂತರು. ಬಾಲನ್ನು ನೆಲಕ್ಕೆ ಬಡಿದು, ಮೊಣಕಾಲು ಬಗ್ಗಿಸಿ ಎಸೆದರು. ರಿಂಗಿನ ಮುಂದಿನ ಅಂಚಿಗೆ ತಾಗಿ ಹೊರಗೆ ಬಿತ್ತು. 'ಅಯ್ಯೋ' ಎಂದಿತು ತುಡಿಯಲೂರು. ಪಾಪಾತಿಯಮ್ಮ ಸೆರಗು ಸರಿಮಾಡಿಕೊಂಡು ನಕ್ಕರು. ನವನೀತನ್ ನಿಂತ, ಎಸೆದ. ಅವನದು ಹಿಂದಿನ ಅಂಚಿಗೆ ತಾಗಿ ಹೊರಗೆ ಬಿತ್ತು. ಪಾಪಾತಿಯಮ್ಮನ ನಗು ನಿಂತಿತು.

ಎರಡನೆಯದೂ ಹಾಗೇ, ಮೂರನೆಯದೂ ಹಾಗೇ. ಒಬ್ಬರು ಬಿಟ್ಟರೆ ಇನ್ನೊಬ್ಬರೂ ಬಿಟ್ಟರು. ಮಾವನ ಬಾಲು ಪ್ರತಿ ಸಲ ಮುಂದಿನ ಅಂಚಿಗೆ, ಅಳಿಯನ ಬಾಲು ಪ್ರತಿ ಸಲ ಹಿಂದಿನ ಅಂಚಿಗೆ. ಅರ್ಧ ಮುಗಿಯುವ ಹೊತ್ತಿಗೆ ಜನ ಆಕಳಿಸತೊಡಗಿದರು. "ಇದಕ್ಕಾ ರೈಲ್ವೆಯಲ್ಲಿ ಕೆಲಸ ಕೊಟ್ಟವ್ರೆ?" ಎಂದರು ಒಬ್ಬರು. "ಮಿಲ್ಲು ಮುಚ್ಚಿದ್ದು ಯಾತಕ್ಕೆ ಅಂತ ಈಗ ತಿಳೀತು" ಎಂದರು ಇನ್ನೊಬ್ಬರು. ಹತ್ತೂ ಹತ್ತೂ ಮುಗಿದಾಗ ಒಂದು ಬಾಲೂ ಬಲೆ ಕಂಡಿರಲಿಲ್ಲ.

ಎಜಮಾನರು ಎದ್ದು ಗಂಟಲು ಸರಿಮಾಡಿಕೊಂಡರು. "ಎರಡು ಸೀರೆಯನ್ನೂ ಒಂದೇ ಗಳದಲ್ಲಿ ಹಾಕಿ ನೋಡಿದ್ದಾಯ್ತು. ಎರಡೂ ಒಂದೇ. ಎರಡನ್ನೂ ಯಾರೂ ಉಡೋಕಾಗಲ್ಲ. ಟಿಪನ್ ರೆಡಿ ಐತೆ, ಬನ್ನಿ."

ಪಾಪಾತಿಯಮ್ಮ ಮುಖ ಸಣ್ಣದು ಮಾಡಿಕೊಂಡು ಸುಗನ್ಯಾಳ ಹತ್ತಿರ ಬಂದರು. "ಮುಹೂರ್ತಕ್ಕೆ ತಾಳಿ ತರ್ತೀವಮ್ಮ. ಆಟದ ಮಾತು ಮಾತ್ರ ಯಾರೂ ಎತ್ತಬೇಡಿ" ಎಂದು ಅವಳ ಕೈ ಹಿಡಿದುಕೊಂಡೇ ಪೊಂಗಲ್ಲಿನ ಕಡೆ ನಡೆದರು. ಜನವೆಲ್ಲ ಹಿಂದೆ ಹೋಯಿತು. ರಾಜೇಂದ್ರನ್‌ಗೆ ತನ್ನ ಬುದ್ಧಿವಂತಿಕೆ ಕಂಡು ತನಗೇ ಭಯವಾಯಿತು. ಅವನೂ ಹೊರಟ.

"ಮಾಪಿಳ್ಳೆ, ನಿಲ್ಲು" ಎಂದರು ಕಂದಸಾಮಿಯವರು. ಅದು ರಾಜೇಂದ್ರನ್‌ಗೆ. ಆಮೇಲೆ ಹುಡುಗನ ಕಡೆ ತಿರುಗಿದರು. "ಹತ್ತು ಸಲಾನೂ ಹಿಂದಿನ ಅಂಚಿಗೇ, ಅದೇ ಜಾಗಕ್ಕೇ ಹೊಡೆದೆ. ಆಡೋಕೆ ಬಾರದವನ ಕೈಯಲ್ಲಿ ಅದು ಆಗೋಲ್ಲ. ಯಾರು ಬಿಡು ಅಂತ ಹೇಳಿದ್ದು?"

ನವನೀತನ್ ತಲೆ ತಗ್ಗಿಸಿದ. "ನಿಮ್ಮದೂ ಹತ್ತೂ ಮುಂದಿನ ಅಂಚಿಗೇ ಹೋಯ್ತು ಮಾವ. ನಿಮಗೆ ಯಾರು ಹೇಳಿದ್ರು?"

ಇಬ್ಬರೂ ಒಟ್ಟಿಗೆ ರಾಜೇಂದ್ರನ್ ಕಡೆ ತಿರುಗಿದರು. ಕೋರ್ಟಿನ ಗೇಟಿಗೂ ಅವನಿಗೂ ನಡುವೆ ನವನೀತನ್ ನಿಂತಿದ್ದ. ಅಷ್ಟು ಎತ್ತರದವನನ್ನು ದಾಟಿ ಓಡುವುದು ಯಾವ ಕಾಲದ ಆಟಗಾರನಿಗೂ ಸಾಧ್ಯವಿರಲಿಲ್ಲ.

ಅವರು ಬೈಯಲಿಲ್ಲ. ಕಂದಸಾಮಿಯವರು ಬಾಲನ್ನು ಕೈಗೆ ತಗೊಂಡು, "ಇನ್ನೊಂದು ಹತ್ತು. ಈ ಸಲ ಯಾರ ಮಾತೂ ಕೇಳಬೇಡ" ಎಂದರು. ರಾಜೇಂದ್ರನ್‌ಗೆ ರಿಂಗಿನ ಕೆಳಗೆ ನಿಂತು ಬಾಲು ಹೆಕ್ಕಿಕೊಡುವ ಕೆಲಸ ಬಂತು.

ಮೊದಲನೆಯ ಬಾಲು ಅಂಚಿಗೆ ತಾಗಲೇ ಇಲ್ಲ, ಬಲೆ ಮಾತ್ರ ಅಲುಗಿತು. ಆಮೇಲೆ ಅವನ ತಲೆಯ ಮೇಲೆ ಬಿತ್ತು. ಎರಡನೆಯದೂ ಬಿತ್ತು. ರಾಜೇಂದ್ರನ್ ತಲೆ ಉಜ್ಜಿಕೊಳ್ಳುತ್ತ ಮೇಲೆ ನೋಡಿದ. ಕೆಳಗೆ ನಿಂತು ನೋಡುವಾಗ ಆ ರಿಂಗು ಬಹಳ ಮೇಲೆ ಇತ್ತು. ಇಷ್ಟು ಮೇಲಕ್ಕೆ ಭಾವ ದಿನದ ಪಾಳಿ ಮುಗಿಸಿ ಬಂದು ಎಸೆಯುತ್ತಿದ್ದರಲ್ಲ ಎಂದುಕೊಂಡಾಗ ಅವನಿಗೆ ನಾಚಿಕೆಯಾಯಿತು, ಕಣ್ಣು ತುಂಬಿತು. ಅಷ್ಟರಲ್ಲಿ ಇನ್ನೊಂದು ಬಾಲು ಬಂದು ತಲೆಗೆ ಬಿತ್ತು.

ಆಟ ಮುಗಿದಾಗ ಇಬ್ಬರೂ ಬೆವೆತಿದ್ದರು, ಇಬ್ಬರೂ ನಗುತ್ತಿದ್ದರು. ಕಂದಸಾಮಿಯವರು ಹುಡುಗನ ಭುಜ ಹಿಡಿದು ಮೊಣಕಾಲು ನೀವಿಕೊಂಡರು. "ಸೀರು ಮುಹೂರ್ತದ ಹಿಂದಿನ ದಿನವೇ ಬರ್ತದೆ ಅಂತ ಸುಗನ್ಯಾಗೆ ಹೇಳು" ಎಂದರು. ರಾಜೇಂದ್ರನ್ ಅವರ ಕಾಲಿಗೆ ಬೀಳಲು ಬಗ್ಗಿದ.

"ತಪ್ಪಾಯ್ತು ಬಾವ."

"ಏಳು. ಇವತ್ತು ನೀನೊಬ್ಬನೇ ನೋಡಿದ್ದು. ಯಾರು ಎಷ್ಟು ಹಾಕಿದ್ರು ಅನ್ನೋದು ನಿನ್ನ ಹೊಟ್ಟೇಲೇ ಇರಲಿ. ಆಚೆ ಬಂತೋ, ಸೀರು ವಾಪಸ್ಸು."

ಹುಡುಗನೂ ಕೈಮುಗಿದು, "ಹೌದು ಮಾವ, ಯಾರಿಗೂ ಬೇಡ" ಎಂದ. ಯಾರು ಗೆದ್ದವರು ಯಾರು ಸೋತವರು ಎಂದು ಅವರ ಮುಖ ನೋಡಿ ಹೇಳಲು ಆಗುತ್ತಿರಲಿಲ್ಲವಂತೆ.

ಇಷ್ಟನ್ನು ನಾನು ರಾಜೇಂದ್ರನ್‌ಗೆ ಎರಡು ಸಲ ಬಿರಿಯಾನಿ ಕೊಡಿಸಿ ತಿಳಿದುಕೊಂಡೆ. ಅದಕ್ಕಿಂತ ಒಂದು ಅಕ್ಷರ ಹೆಚ್ಚು ಸಿಗಲಿಲ್ಲ. ಸುಗನ್ಯಾಗೂ ಸಿಕ್ಕಿಲ್ಲ.

ಮದುವೆಯ ದಿನ ಕಂದಸಾಮಿಯವರು ಸರಣ್ಯಾಳಿಗೆ ಮಾಲೆ ಹಾಕಿ, ಕೈ ಹಿಡಿದು, ಕುಂಟುತ್ತ ಮಣೆಗೆ ಕರೆತಂದರು. ಹುಡುಗಿ ಅಳುತ್ತ ನಗುತ್ತ ಬಂದಳು. ಊಟದ ಮನೆಯಲ್ಲಿ ಪಾಪಾತಿಯಮ್ಮ ಬಡಿಸುತ್ತಿದ್ದ ರಾಜೇಂದ್ರನ್‌ನ ತೋಳು ಹಿಡಿದು ಪಕ್ಕಕ್ಕೆ ಎಳೆದರು. ಆವತ್ತು ಎಲ್ಲರೂ ಟಿಪನ್‌ಗೆ ಹೋದ ಮೇಲೂ ಬಾಲಿನ ಸದ್ದು ಕೇಳಿಸುತ್ತಿದ್ದದ್ದು ಅವರ ಕಿವಿಗೆ ಬಿದ್ದಿತ್ತು.

"ನಿಜ ಹೇಳು. ಇಬ್ರಲ್ಲಿ ಯಾರು ದೊಡ್ಡ ಆಟಗಾರ?"

ರಾಜೇಂದ್ರನ್‌ನ ಮುಖ ಕೆಂಪಾಯಿತು. ಗಂಟಲಿನ ನರ ಉಬ್ಬಿತು. ಕೈಯಲ್ಲಿದ್ದ ಸಾಂಬಾರಿನ ಬಕೆಟ್ ಕೆಳಗಿಟ್ಟ. ಸುತ್ತ ಕೂತಿದ್ದ ನಾವೆಲ್ಲ ಊಟ ನಿಲ್ಲಿಸಿ ನೋಡಿದೆವು.

"ನಂಗೆ ಗೊತ್ತಿಲ್ಲಮ್ಮ" ಎಂದ.

"ಅದು ತಾನೇ" ಎಂದರು ಪಾಪಾತಿಯಮ್ಮ. "ನಿನ್ನನ್ನ ಕೇಳಿದೆ ನೋಡು. ನಿನಗೇನು ಗೊತ್ತು ಬಾಸ್ಕೆಟ್‌ಬಾಲು? ಸಾಂಬಾರು ಹಾಕು."